ಕೊಸರು

ಆರನೇ ಕೌಂಟರಿನಲ್ಲಿ ನಿಂತು ಒಂಬತ್ತು ವರ್ಷ.
ಈರಿ ಊರಿನ ಕೆರೆ (ಕೆರೆ ಅಂದರೆ ನಗುತ್ತಾರೆ,
ಅದರ ಆಚೆ ದಡ ಕೆನಡಾ)
ನವೆಂಬರಿನಿಂದಲೇ ಹಿಮ ಕಳಿಸುತ್ತದೆ, ಪುಕ್ಕಟೆ,
ಯಾವ ಕೂಪನ್ನೂ ಕೇಳದೆ.

ಬುಧವಾರ ಬರ್ನಿಸ್ ವೊಯ್ಚಿಕ್ ಬರುವ ದಿನ.
ಅವತ್ತು ಕೂಪನ್ನಿಗೆ ಇಮ್ಮಡಿ ಬೆಲೆ.
ನನ್ನ ಸಾಲಿನವರು ಅವಳನ್ನು ಕಂಡೊಡನೆ
ಮೆಲ್ಲಗೆ ನಾಲ್ಕನೆಯದಕ್ಕೆ ಸರಿಯುತ್ತಾರೆ.
ಎಪ್ಪತ್ತೆಂಟರ ಮುದುಕಿ. ರೈಲು ಎಂಜಿನ್ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ತಂತಿ ಸುತ್ತಿದ ಬೆರಳು.
ತೋಳಲ್ಲಿ ಕೂಸಿನಂತೆ ಒಂದು ಫೈಲು,
ಅದರ ಒಂದೊಂದು ಕಿಸೆಗೂ ಹೆಸರು:
ಸೋಪು. ಸೂಪು. ಬೆಕ್ಕು. ಹಲ್ಲು. ಇತರೆ.

ಬೆಕ್ಕು ಸತ್ತು ನಾಲ್ಕು ವರ್ಷ.
ಹಲ್ಲು ರಾತ್ರಿ ಲೋಟದಲ್ಲಿ ಮಲಗುತ್ತವೆ.
ಆದರೂ ಟೂತ್‌ಪೇಸ್ಟು ಎರಡಕ್ಕೆ ಎರಡು ಉಚಿತ ಎಂದರೆ
ಬಿಡುವುದು ಹೇಗೆ?
ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ.
ಗಾದೆಯನ್ನು ಇಂಗ್ಲಿಷಿಗೆ ತಿರುವಿ ಹೇಳಿದೆ ಒಮ್ಮೆ.
ನಗಲಿಲ್ಲ.
"ನಮ್ಮಪ್ಪನಿಗೆ ಯಾರೂ ಏನೂ ಪುಕ್ಕಟೆ ಕೊಡಲಿಲ್ಲ" ಎಂದಳು,
ಮುಂದಿನ ಕೂಪನ್ ಚಾಚಿದಳು.

ನಮ್ಮವ್ವನೂ ಹೀಗೇ. ದಾವಣಗೆರೆಯ ಪೇಟೆಯಲ್ಲಿ
ಸೇರು ಅಳೆದು ಸುರಿದ ಮೇಲೂ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ,
ಇನ್ನೊಂದು ಹಿಡಿ ಮಂಡಕ್ಕಿ ಬೀಳುವ ತನಕ.
ಕೊಸರು ಅವಳಿಗೆ ಭಿಕ್ಷೆಯಲ್ಲ, ಬಾಕಿ.
ಅಂಗಡಿಯವ ಗೊಣಗುತ್ತಲೇ ಹಾಕುತ್ತಿದ್ದ.
ಅವನ ಹಿಡಿಗೆ ಸರ್ಕಾರದ ಮುದ್ರೆ ಇರಲಿಲ್ಲ,
ಕೊನೆಯ ತಾರೀಖೂ ಇರಲಿಲ್ಲ.
ಇಲ್ಲಿ ಕೊಸರಿಗೂ ಬಾರ್‌ಕೋಡು.
ಯಂತ್ರ ಒಪ್ಪಿದರೆ ಒಂದು ಕೂಗು, ಒಪ್ಪದಿದ್ದರೆ ಮೂರು.
ಮೂರು ಕೂಗಿದಾಗ
ಹಿಂದಿನವರು ಮುಂದಿನವರ ಬುಟ್ಟಿ ನೋಡುತ್ತಾರೆ;
ಮುಂದಿನವರು ಏನನ್ನೂ ನೋಡುವುದಿಲ್ಲ.

ಮೊದಲ ಚಳಿಗಾಲ. ನಾನಿನ್ನೂ ಗಿರಾಕಿ.
ಡೈಪರಿನ ಕಟ್ಟು ಎತ್ತಿ, ಬೆಲೆ ನೋಡಿ, ಇಟ್ಟು,
ಮತ್ತೆ ಎತ್ತಿದರೆ
ಹಿಂದೆ ಸಿಕ್ಕಿಸಿದ್ದ ಒಂದು ಚೀಟಿ: ಮೂರು ಡಾಲರ್ ಕಡಿತ.
ನೀಟಾಗಿ ಕತ್ತರಿಸಿದ್ದು, ನಾಲ್ಕು ಮೂಲೆಯೂ ಉರುಟು.
ಯಾರೋ ಮರೆತದ್ದು ಅಂದುಕೊಂಡೆ,
ಕದ್ದವಳ ಹಾಗೆ ಕೌಂಟರಿಗೆ ನಡೆದೆ.

ಮೂಲೆ ಉರುಟು ಮಾಡಿ ಕತ್ತರಿಸುವವರು
ಈ ಊರಿನಲ್ಲಿ ಎಷ್ಟು ಮಂದಿಯೋ.
ನಾನು ಕೇಳಿಲ್ಲ. ಅವಳು ಹೇಳಿಲ್ಲ.
ಹನ್ನೊಂದು ಸೆಂಟಿಗಾಗಿ ಮ್ಯಾನೇಜರನ್ನು ಕರೆಸಿ
ಇಪ್ಪತ್ತು ನಿಮಿಷ ನಿಲ್ಲಿಸಿದವಳೂ ಅವಳೇ.

ಮೊನ್ನೆ ಬುಟ್ಟಿಯಿಲ್ಲದೆ ಬಂದಳು.
ಬೂಟಿನ ಹಿಮ ಕೊಡವಿ, ರಬ್ಬರ್ ಹಾಕಿದ ಒಂದು ಕಂತೆ ಇಟ್ಟು,
"ನೂರಿವೆ, ಎಣಿಸು."
ಎಲ್ಲ ಅವಧಿ ಮುಗಿದವು. ಕೆಲವು
ಮುಚ್ಚಿಹೋದ ಕಂಪನಿಯವು.
"ಓದು" ಎಂದು ಉಗುರು ಊರಿದಳು ಕೆಳಗಿನ ಸಾಸಿವೆಯಕ್ಷರಕ್ಕೆ.
ಒಂಬತ್ತು ವರ್ಷ ಉಜ್ಜಿ ಉಜ್ಜಿ ಓದದೇ ಬಿಟ್ಟ ಸಾಲು:
ನಗದು ಮೌಲ್ಯ, ಒಂದು ಸೆಂಟಿನ ನೂರನೇ ಒಂದು ಭಾಗ.
"ಹಾಗಾದರೆ ನನಗೆ ಒಂದು ಸೆಂಟು ಬರಬೇಕು."

ಎಣಿಸಿದೆ. ತೊಂಬತ್ತೇಳು.
ಇತರೆ ಕಿಸೆ ಬೋರಲು ಹಾಕಿದಳು, ಎರಡು ಬಿದ್ದವು.
ನನ್ನ ಏಪ್ರನ್ನಿನಲ್ಲಿ ಕಾಫಿಪುಡಿಯದೊಂದು ಮುದುರಿ ಕೂತಿತ್ತು;
ಸಪಾಟು ಮಾಡಿ ಸೇರಿಸಿದೆ.
ಹನಿಗೂಡಿದರೆ ಹಳ್ಳ ಅನ್ನುತ್ತಾರಲ್ಲ,
ಹಳ್ಳ ಎಷ್ಟು ಚಿಕ್ಕದಿರಬಹುದೆಂದು ಯಾರೂ ಹೇಳಿರಲಿಲ್ಲ.

ಯಂತ್ರದಲ್ಲಿ ಇದಕ್ಕೆ ಗುಂಡಿ ಇಲ್ಲ.
ಗಿರಾಕಿಗಳು ಬಿಟ್ಟುಹೋದ ಚಿಲ್ಲರೆಯ ತಟ್ಟೆಯಿಂದ
ಒಂದು ತಾಮ್ರ ಎತ್ತಿ ಅವಳ ಅಂಗೈಗೆ ಹಾಕಿದೆ.
ದೀಪಕ್ಕೆ ಹಿಡಿದು ಎರಡೂ ಬದಿ ನೋಡಿ
ಖಾಲಿಯಾದ ಕಿಸೆಯೊಳಗೆ ಇಳಿಸಿದಳು.
"ರಸೀದಿ?"

ಹಳೆಯ ಕೂಪನ್ನಿನ ಬೆನ್ನಿಗೆ ಬರೆದುಕೊಟ್ಟೆ:
ಒಂದು ಸೆಂಟು ಸಂದಿದೆ.
ತಾರೀಖು ಹಾಕಿಲ್ಲ ಎಂದು ತಿರುಗಿ ಕೊಟ್ಟಳು.
ಹಾಕಿದೆ.
ತಲೆಯೆತ್ತಿದರೆ ಸಾಲಿಗೆ ಸಾಲೇ
ನಾಲ್ಕನೆಯದಕ್ಕೆ ಸರಿದಾಗಿತ್ತು.